ಬ್ರಾಂಚ್ ಬದಲಿಸಿದ ರಾಮಚಂದ್ರನ್

ಫಸ್ಟ್ ಇಯರ್ ರಿಸಲ್ಟ್ ಬಂದ ವಾರ ಯಾವ ಎಂಜಿನಿಯರಿಂಗ್ ಕಾಲೇಜಿಗೆ ಹೋದರೂ ಕ್ಯಾಂಟೀನಿನಲ್ಲಿ ಒಂದೇ ಸುದ್ದಿ, ಬ್ರಾಂಚ್ ಚೇಂಜ್. ಯಾರು ಯಾವುದನ್ನು ಬಿಟ್ಟರು, ಯಾರಿಗೆ ಕಂಪ್ಯೂಟರ್ ಸೈನ್ಸ್ ಸಿಕ್ತು, ಯಾರಿಗೆ ಸಿಗಲಿಲ್ಲ ಅನ್ನೋ ಲೆಕ್ಕ ಒಂದು ತಿಂಗಳು ನಡೆಯುತ್ತದೆ. ಈ ಸಂಚಿಕೆಗೆ ನಾವು ಆರಿಸಿಕೊಂಡವರು ಕೂಡ ಎಂಜಿನಿಯರಿಂಗ್ ಸೇರಿ ಬ್ರಾಂಚ್ ಬದಲಿಸಿದವರೇ. ವರ್ಷ 1942, ಜಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಎಲೆಕ್ಟ್ರಿಕಲ್ ಬಿಟ್ಟು ಫಿಸಿಕ್ಸ್‌ಗೆ ಹೋದ ಆ ಹುಡುಗನ ಹೆಸರು ಇವತ್ತು ಜಗತ್ತಿನ ಪ್ರತಿಯೊಂದು ಬಯೋಕೆಮಿಸ್ಟ್ರಿ ಪುಸ್ತಕದಲ್ಲಿದೆ. ಅವರೇ ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್. ಚಿಕ್ಕದಾಗಿ ಜಿ. ಎನ್. ರಾಮಚಂದ್ರನ್.

ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುವ ನಮಗೆ ಇವರು ಯಾಕೆ ಬೇಕು ಅಂತ ನೀವು ಕೇಳಬಹುದು. ನಮ್ಮ ನಾಲ್ಕನೇ ಸೆಮ್‌ನಲ್ಲಿ ಬಯಾಲಜಿ ಫಾರ್ ಎಂಜಿನಿಯರ್ಸ್ ಅಂತ ಒಂದು ಪೇಪರ್ ಇದೆ. ಅದರಲ್ಲಿ ಪ್ರೋಟೀನ್ ಬರುತ್ತದೆ, ಪ್ರೋಟೀನ್ ಅಂದ ಮೇಲೆ ಅಮೈನೋ ಆಮ್ಲ ಬರುತ್ತದೆ. ಹೆಚ್ಚಿನವರು ಇಪ್ಪತ್ತು ಹೆಸರುಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆತುಬಿಡುತ್ತಾರೆ. ಆದರೆ ಆ ಇಪ್ಪತ್ತರಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಗ್ಲೈಸಿನ್ ಹಿಂದೆ ರಾಮಚಂದ್ರನ್ ಅವರ ಬದುಕಿನ ದೊಡ್ಡ ಭಾಗ ಇದೆ. ಆ ಕತೆ ಗೊತ್ತಾದರೆ ಗ್ಲೈಸಿನ್ ಮರೆಯೋದು ಕಷ್ಟ.

ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಆಗಿನ ಕೊಚ್ಚಿ ಸಂಸ್ಥಾನದ ಎರ್ನಾಕುಲಂನಲ್ಲಿ. ಮನೆಮಾತು ತಮಿಳು. ತಂದೆ ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜಾಸ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಮಗನಿಗೆ ಗಣಿತದ ರುಚಿ ಹತ್ತಿದ್ದು ಮನೆಯಲ್ಲೇ. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಫಿಸಿಕ್ಸ್ ಆನರ್ಸ್ ಮುಗಿಸಿ 1942ರಲ್ಲಿ ಬೆಂಗಳೂರಿಗೆ ಬಂದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸೇರಿಕೊಂಡರು.

ಆಗ ಆ ಸಂಸ್ಥೆಯ ಫಿಸಿಕ್ಸ್ ವಿಭಾಗದಲ್ಲಿ ಇದ್ದವರು ಸರ್ ಸಿ. ವಿ. ರಾಮನ್. ಅವರ ಗಾಳಿ ತಾಕಿದ ಮೇಲೆ ಹುಡುಗನಿಗೆ ಎಲೆಕ್ಟ್ರಿಕಲ್‌ನಲ್ಲಿ ಮನಸ್ಸು ನಿಲ್ಲಲಿಲ್ಲ. ರಾಮನ್ ಸ್ವತಃ ಎಲೆಕ್ಟ್ರಿಕಲ್ ಮುಖ್ಯಸ್ಥರ ಜೊತೆ ಮಾತಾಡಿ, ಈ ಹುಡುಗ ನಿಮ್ಮ ವಿಭಾಗಕ್ಕೆ ಸ್ವಲ್ಪ ಜಾಸ್ತಿ ಜಾಣ ಅಂತ ತಮಾಷೆ ಮಾಡಿ ಕರೆದುಕೊಂಡು ಹೋದರು ಅನ್ನುವ ಕತೆ ಇವತ್ತಿಗೂ ಚಾಲ್ತಿಯಲ್ಲಿದೆ. ಎಲೆಕ್ಟ್ರಿಕಲ್ ಗೆಳೆಯರು ಕ್ಷಮಿಸಬೇಕು.

ರಾಮನ್ ಕೈಕೆಳಗೆ ಅವರು ವಜ್ರ ಮತ್ತಿತರ ಹರಳುಗಳ ಮೇಲೆ ಎಕ್ಸ್-ರೇ ಹಾಯಿಸಿ ಕೆಲಸ ಮಾಡಿದರು. ಹರಳಿನ ಒಳಗೆ ಪರಮಾಣುಗಳು ಸಾಲಾಗಿ ಕೂತಿರುತ್ತವೆ. ಎಕ್ಸ್-ರೇ ಅವುಗಳಿಗೆ ತಾಗಿ ಚದುರಿ ಫಿಲ್ಮಿನ ಮೇಲೆ ಚುಕ್ಕೆಗಳನ್ನು ಮೂಡಿಸುತ್ತದೆ. ಆ ಚುಕ್ಕೆಗಳಿಂದ ಒಳಗಿನ ಸಾಲು ಹೇಗಿದೆ ಅಂತ ಲೆಕ್ಕ ಹಾಕಬಹುದು. ಈ ವಿದ್ಯೆ ಕಲಿತು 1947ರಲ್ಲಿ ಡಿಎಸ್ಸಿ ಪಡೆದು ಕೇಂಬ್ರಿಜ್‌ಗೆ ಹೋದರು. ಕ್ಯಾವೆಂಡಿಶ್ ಲ್ಯಾಬಿನಲ್ಲಿ ಎರಡು ವರ್ಷ ಕೆಲಸ ಮಾಡಿ 1949ರಲ್ಲಿ ಪಿಎಚ್‌ಡಿ ಮುಗಿಸಿದರು. ಅಮೆರಿಕದ ಲೈನಸ್ ಪೌಲಿಂಗ್ ಅವರ ಉಪನ್ಯಾಸ ಕೇಳಿದ್ದು ಅಲ್ಲಿಯೇ. ಕಾಗದದ ಮೇಲಿನ ಲೆಕ್ಕವನ್ನು ಚೆಂಡು, ಕಡ್ಡಿಗಳ ಮಾದರಿ ಕಟ್ಟಿ ಪರೀಕ್ಷಿಸುವ ಪೌಲಿಂಗ್ ದಾರಿ ಅವರಿಗೆ ಹಿಡಿಸಿತು.

ವಾಪಸ್ ಬೆಂಗಳೂರಿಗೆ ಬಂದು ಮೂರು ವರ್ಷ ಪಾಠ ಮಾಡುವಷ್ಟರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದವರು ಹೊಸ ಫಿಸಿಕ್ಸ್ ವಿಭಾಗ ಶುರು ಮಾಡಲು ಹೊರಟಿದ್ದರು. ಮೊದಲು ರಾಮನ್ ಅವರನ್ನೇ ಕೇಳಿದರಂತೆ. ರಾಮನ್ ತಮ್ಮ ಬದಲು ಶಿಷ್ಯನ ಹೆಸರು ಹೇಳಿದರು. ಹೀಗೆ 1952ರಲ್ಲಿ, ಮೂವತ್ತು ತುಂಬುವ ಹೊತ್ತಿಗೆ, ರಾಮಚಂದ್ರನ್ ಪ್ರೊಫೆಸರ್ ಆಗಿ ವಿಭಾಗದ ಮುಖ್ಯಸ್ಥರೂ ಆದರು.

ಹುದ್ದೆ ಸಿಕ್ಕಿತು, ಆದರೆ ಯಾವ ಪ್ರಶ್ನೆಯ ಮೇಲೆ ಕೆಲಸ ಮಾಡೋದು? ಆ ಸಮಯಕ್ಕೆ ಸರಿಯಾಗಿ ಇಂಗ್ಲೆಂಡಿನ ವಿಜ್ಞಾನಿ ಜೆ. ಡಿ. ಬರ್ನಾಲ್ ಮದ್ರಾಸಿಗೆ ಬಂದಿದ್ದರು. ಮಾತಿನ ನಡುವೆ ಕೊಲ್ಯಾಜೆನ್ ಎಂಬ ಪ್ರೋಟೀನಿನ ರಚನೆ ಇನ್ನೂ ಯಾರಿಗೂ ಬಗೆಹರಿದಿಲ್ಲ ಎಂದರು. ಚರ್ಮದ ಸಂಶೋಧನೆ ಮಾಡುವ ಕೇಂದ್ರೀಯ ಸಂಸ್ಥೆ ವಿಶ್ವವಿದ್ಯಾಲಯದ ಪಕ್ಕದಲ್ಲೇ ಇತ್ತು. ಚರ್ಮ ಅಂದರೆ ಬಹುಪಾಲು ಕೊಲ್ಯಾಜೆನ್. ಪ್ರಶ್ನೆ ಸಿಕ್ಕಿತು, ಸಾಮಗ್ರಿ ಪಕ್ಕದ ಕಾಂಪೌಂಡಿನಲ್ಲೇ ಇತ್ತು.

ಕೊಲ್ಯಾಜೆನ್ ಅಂದ್ರೆ ಏನು ಅಂತ ತಿಳಿಯಲು ನಮಗೆ ಲ್ಯಾಬ್ ಬೇಕಾಗಿಲ್ಲ. ಮಳೆಗಾಲದಲ್ಲಿ ಬೆಳಗಾವಿಯಲ್ಲೂ ಖಾನಾಪುರದಲ್ಲೂ ಕಾಲು ಸೂಪ್‌ಗೆ, ಅಂದ್ರೆ ಪಾಯಾಕ್ಕೆ, ಭಾರಿ ಬೇಡಿಕೆ. ಕಾಲನ್ನು ತಾಸುಗಟ್ಟಲೆ ಕುದಿಸಿದ ಆ ಸೂಪನ್ನು ರಾತ್ರಿ ಹಾಗೇ ಇಟ್ಟು ಬೆಳಿಗ್ಗೆ ನೋಡ್ರಿ, ಜೆಲ್ಲಿಯಂತೆ ಗಟ್ಟಿಯಾಗಿರುತ್ತದೆ. ಎಲುಬು, ಚರ್ಮ, ಸ್ನಾಯುವಿನ ತುದಿಯ ನಾರು ಇವುಗಳಲ್ಲಿ ಇರುವ ಕೊಲ್ಯಾಜೆನ್ ಬಿಸಿ ನೀರಿನಲ್ಲಿ ಬಿಚ್ಚಿಕೊಂಡು ಜೆಲಟಿನ್ ಆಗುತ್ತದೆ. ತಣ್ಣಗಾದಾಗ ಆ ಎಳೆಗಳು ಅರ್ಧಂಬರ್ಧ ಸಿಕ್ಕಿಹಾಕಿಕೊಂಡು ನೀರನ್ನು ಹಿಡಿದಿಡುತ್ತವೆ. ನಮ್ಮ ಮೈಯಲ್ಲಿ ಅತಿ ಹೆಚ್ಚು ಇರುವ ಪ್ರೋಟೀನ್ ಇದೇ.

ಈ ಜೆಲಟಿನ್‌ಗೂ ಗ್ಲೈಸಿನ್‌ಗೂ ಹಳೆಯ ನಂಟು. ಫ್ರಾನ್ಸಿನ ಆನ್ರಿ ಬ್ರಾಕೊನೊ 1820ರಲ್ಲಿ ಜೆಲಟಿನ್ ಅನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿದಾಗ ಸಿಹಿಯಾದ ಬಿಳಿ ಹರಳುಗಳು ಸಿಕ್ಕವು. ಗ್ರೀಕ್‌ನಲ್ಲಿ ಸಿಹಿ ಎಂಬ ಅರ್ಥದ ಪದದಿಂದ ಮುಂದೆ ಅದಕ್ಕೆ ಗ್ಲೈಸಿನ್ ಎಂದು ಹೆಸರು ಬಂತು.

ಎಲ್ಲ ಅಮೈನೋ ಆಮ್ಲಗಳ ನಡುವೆ ಒಂದು ಕಾರ್ಬನ್ ಇರುತ್ತದೆ. ಅದಕ್ಕೆ ನಾಲ್ಕು ಕೈ. ಒಂದರಲ್ಲಿ ಅಮೈನೋ ಗುಂಪು, ಇನ್ನೊಂದರಲ್ಲಿ ಕಾರ್ಬಾಕ್ಸಿಲ್ ಗುಂಪು, ಮೂರನೆಯದರಲ್ಲಿ ಹೈಡ್ರೋಜನ್. ನಾಲ್ಕನೆಯ ಕೈಯಲ್ಲಿ ಇರುವುದು ಪಕ್ಕದ ಗುಂಪು, ಅದು ಬದಲಾದರೆ ಅಮೈನೋ ಆಮ್ಲವೇ ಬದಲಾಗುತ್ತದೆ. ಗ್ಲೈಸಿನ್‌ನಲ್ಲಿ ಆ ನಾಲ್ಕನೆಯ ಕೈಯಲ್ಲೂ ಬರೀ ಹೈಡ್ರೋಜನ್. ಅದಕ್ಕಿಂತ ಚಿಕ್ಕದು ಸಾಧ್ಯವೇ ಇಲ್ಲ. ಎರಡು ಕಾರ್ಬನ್, ಐದು ಹೈಡ್ರೋಜನ್, ಒಂದು ನೈಟ್ರೋಜನ್, ಎರಡು ಆಕ್ಸಿಜನ್, ಅಣುತೂಕ ಸುಮಾರು 75.

ಇದರಿಂದ ಎರಡು ಗುಣ ಬರುತ್ತವೆ. ಉಳಿದ ಹತ್ತೊಂಬತ್ತೂ ಚಪ್ಪಲಿ ಇದ್ದ ಹಾಗೆ, ಎಡಗಾಲಿನದು ಬೇರೆ, ಬಲಗಾಲಿನದು ಬೇರೆ. ಗ್ಲೈಸಿನ್ ಕಾಲುಚೀಲ ಇದ್ದ ಹಾಗೆ, ಎರಡು ಕೈಯಲ್ಲಿ ಒಂದೇ ಥರದ ಹೈಡ್ರೋಜನ್ ಇರುವುದರಿಂದ ಎಡ-ಬಲ ಭೇದವಿಲ್ಲ. ಎರಡನೆಯದು, ಯಾರೂ ನುಗ್ಗಲಾಗದ ಇಕ್ಕಟ್ಟಿನಲ್ಲೂ ಇದು ಹಿಡಿಸುತ್ತದೆ. ಉಳಿದ ವಿಷಯದಲ್ಲಿ ಇದು ಬಳಗದವರಂತೆಯೇ. ನೀರಿನಲ್ಲಿ ಕರಗಿಸಿದರೆ ಕಾರ್ಬಾಕ್ಸಿಲ್ ತುದಿ ಪ್ರೋಟಾನ್ ಬಿಟ್ಟು ಋಣ ಆಗುತ್ತದೆ, ಅಮೈನೋ ತುದಿ ಅದನ್ನು ಹಿಡಿದು ಧನ ಆಗುತ್ತದೆ, ಒಟ್ಟು ಲೆಕ್ಕ ಸೊನ್ನೆ. ಪಿಎಚ್ ಮೀಟರ್ ಹಿಡಿದು ಟೈಟ್ರೇಷನ್ ಮಾಡಿದರೆ 2.3ರ ಹತ್ತಿರ ಒಂದು, 9.6ರ ಹತ್ತಿರ ಇನ್ನೊಂದು ಮೆಟ್ಟಿಲು ಕಾಣುತ್ತದೆ. ಈ ಚಾರ್ಜುಗಳು ಒಂದನ್ನೊಂದು ಬಿಗಿಯಾಗಿ ಎಳೆದುಕೊಂಡಿರುವುದರಿಂದಲೇ ಇಷ್ಟು ಚಿಕ್ಕ ಅಣುವಿನ ಹರಳು 230 ಡಿಗ್ರಿ ಸೆಲ್ಸಿಯಸ್ ದಾಟುವ ತನಕ ಜಗ್ಗುವುದಿಲ್ಲ. ಆಮೇಲೂ ಸರಿಯಾಗಿ ಕರಗದೆ ಒಡೆದುಹೋಗುತ್ತದೆ.

ಈಗ ಮದ್ರಾಸಿಗೆ ಮರಳೋಣ. ಕೊಲ್ಯಾಜೆನ್‌ನಲ್ಲಿ ಮೂರರಲ್ಲಿ ಒಂದು ಪಾಲು ಗ್ಲೈಸಿನ್ ಎಂಬುದು ರಸಾಯನಶಾಸ್ತ್ರಜ್ಞರಿಗೆ ಆಗಲೇ ಗೊತ್ತಿತ್ತು. ಬೇರೆ ಹೆಚ್ಚಿನ ಪ್ರೋಟೀನುಗಳಲ್ಲಿ ಇಷ್ಟು ಇರುವುದಿಲ್ಲ. ಯಾಕೆ ಸರಿಯಾಗಿ ಮೂರನೇ ಒಂದು? ರಾಮಚಂದ್ರನ್ ಮತ್ತು ಅವರ ಜೊತೆಗಾರ ಗೋಪಿನಾಥ್ ಕರ್ತಾ ಇದನ್ನೇ ಸುಳಿವಾಗಿ ಹಿಡಿದರು. ಪ್ರತಿ ಮೂರನೆಯ ಜಾಗದಲ್ಲಿ ಗ್ಲೈಸಿನ್ ಇದ್ದರೆ, ಆ ಮೂರನೆಯ ಜಾಗ ಎಲ್ಲೋ ಇಕ್ಕಟ್ಟಿನಲ್ಲಿ ಇರಬೇಕು. ಮೂರು ಎಳೆಗಳನ್ನು ಅಕ್ಕಪಕ್ಕ ಇಟ್ಟರೆ ನಡುವೆ ಅಂಥ ಇಕ್ಕಟ್ಟು ಹುಟ್ಟುತ್ತದೆ. ಮೂರೂ ಎಳೆಗಳ ಗ್ಲೈಸಿನ್ ಒಳಮುಖವಾಗಿ ನಿಂತರೆ ಉಳಿದ ದಪ್ಪ ಗುಂಪುಗಳಿಗೆ ಹೊರಗೆ ಜಾಗ ಸಿಗುತ್ತದೆ. 1954ರ ಆಗಸ್ಟ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಈ ಮಾದರಿ ಬಂತು. ಹೊಸ ಎಕ್ಸ್-ರೇ ಚಿತ್ರಗಳನ್ನು ನೋಡಿ 1955ರಲ್ಲಿ ಅದನ್ನು ಅವರೇ ತಿದ್ದಿದರು. ಮೂರು ಎಳೆಗಳು ಬರೀ ಅಕ್ಕಪಕ್ಕ ನಿಂತಿಲ್ಲ, ಒಂದರ ಸುತ್ತ ಒಂದು ಹೊಸೆದುಕೊಂಡಿವೆ.

ಖಾನಾಪುರದ ಸಂತೆಯಲ್ಲಿ ಎತ್ತಿಗೆ ಕಟ್ಟುವ ಹಗ್ಗ ಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪುಂಡಿ ನಾರನ್ನು ಒಂದು ಕಡೆಗೆ ಹೊಸೆದು ಎಳೆ ಮಾಡುತ್ತಾರೆ, ಆಮೇಲೆ ಮೂರು ಎಳೆಗಳನ್ನು ಸೇರಿಸಿ ವಿರುದ್ಧ ದಿಕ್ಕಿಗೆ ಹುರಿ ಹಾಕುತ್ತಾರೆ. ಎಳೆ ಬಿಚ್ಚಿಕೊಳ್ಳಲು ನೋಡಿದಷ್ಟೂ ಹಗ್ಗ ಬಿಗಿಯಾಗುತ್ತದೆ. ಕೊಲ್ಯಾಜೆನ್‌ನಲ್ಲೂ ಒಂದೊಂದು ಎಳೆಯದು ಎಡ ಸುತ್ತು, ಮೂರೂ ಸೇರಿದ ಹುರಿಯದು ಬಲ ಸುತ್ತು. ದಪ್ಪ ಮಾತ್ರ ಸುಮಾರು 1.5 ನ್ಯಾನೋಮೀಟರ್.

ಇಲ್ಲಿಗೆ ಕತೆ ಸುಖಾಂತ ಆಗಬೇಕಿತ್ತು, ಆಗಲಿಲ್ಲ. ಡಿಎನ್ಎ ರಚನೆ ಹೇಳಿ ಎರಡು ವರ್ಷವಷ್ಟೇ ಆಗಿದ್ದ ಫ್ರಾನ್ಸಿಸ್ ಕ್ರಿಕ್, ಅಲೆಕ್ಸಾಂಡರ್ ರಿಚ್ ಜೊತೆ ಸೇರಿ 1955ರಲ್ಲಿ ತಮ್ಮ ಮಾದರಿ ಪ್ರಕಟಿಸಿದರು. ಮೂರು ಎಳೆ ಸರಿ, ಆದರೆ ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ತೀರಾ ಹತ್ತಿರ ಬಂದಿವೆ, ಅಷ್ಟು ಹತ್ತಿರ ಇರಲು ಆಗುವುದಿಲ್ಲ ಎಂಬುದು ಅವರ ವಾದ. ಪ್ರತಿ ಮೂರು ಅಮೈನೋ ಆಮ್ಲಕ್ಕೆ ಎಳೆಗಳ ನಡುವೆ ಎರಡು ಹೈಡ್ರೋಜನ್ ಬಾಂಡ್ ಅಂತ ರಾಮಚಂದ್ರನ್ ಹೇಳಿದ್ದರು, ಒಂದೇ ಅಂತ ಇವರು ಹೇಳಿದರು. ಕೇಂಬ್ರಿಜ್ ಮಾತಿಗೆ ತೂಕ ಜಾಸ್ತಿ. ಮದ್ರಾಸಿನದು ಆಗಷ್ಟೇ ಹುಟ್ಟಿದ ವಿಭಾಗ.

ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಸಿಟ್ಟು ಮಾಡಿಕೊಂಡು ಪತ್ರ ಬರೆಯಬಹುದಿತ್ತು, ಇಲ್ಲಾಂದ್ರೆ ವಿಷಯವನ್ನೇ ಬಿಟ್ಟುಬಿಡಬಹುದಿತ್ತು. ರಾಮಚಂದ್ರನ್ ಆ ಟೀಕೆಯನ್ನೇ ಒಂದು ಪ್ರಶ್ನೆಯಾಗಿ ತಿರುಗಿಸಿಕೊಂಡರು. ತೀರಾ ಹತ್ತಿರ ಅಂದ್ರೆ ಎಷ್ಟು ಹತ್ತಿರ? ಎರಡು ಪರಮಾಣುಗಳು ಬಾಂಡ್ ಇಲ್ಲದೆ ಎಷ್ಟರ ಮಟ್ಟಿಗೆ ಸಮೀಪಿಸಬಹುದು ಅಂತ ಯಾರಾದರೂ ಅಳೆದು ಪಟ್ಟಿ ಮಾಡಿದ್ದಾರಾ?

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಯಾವ ಮಷಿನ್ ಶಾಪಿಗೆ ಹೋದರೂ ಇದೇ ಪ್ರಶ್ನೆ. ಶಾಫ್ಟ್‌ಗೂ ಬೇರಿಂಗಿಗೂ ನಡುವೆ ಕ್ಲಿಯರೆನ್ಸ್ ಎಷ್ಟು? ಕಮ್ಮಿಯಾದರೆ ಕೂರುವುದಿಲ್ಲ, ಜಾಸ್ತಿಯಾದರೆ ಅಲುಗಾಡುತ್ತದೆ. ಕ್ಯಾಡ್‌ನಲ್ಲಿ ಅಸೆಂಬ್ಲಿ ಮಾಡಿದ ಮೇಲೆ ಇಂಟರ್‌ಫಿಯರೆನ್ಸ್ ಚೆಕ್ ಒತ್ತುತ್ತೇವಲ್ಲ, ಅದನ್ನೇ ರಾಮಚಂದ್ರನ್ ಪರಮಾಣುಗಳಿಗೆ ಮಾಡಲು ಕೂತರು. ಎಂಜಿನಿಯರಿಂಗ್ ಬಿಟ್ಟು ಹೋದವರು ಕೊನೆಗೆ ಮಾಡಿದ್ದು ಟಾಲರೆನ್ಸ್ ಲೆಕ್ಕ ಅಂತ ನಮಗೆ ಅನ್ಸುತ್ತೆ.

ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಈ ಕೆಲಸದ ಜೊತೆಗಾರರು. ಆ ತನಕ ಪ್ರಕಟವಾಗಿದ್ದ ಹರಳು ರಚನೆಗಳನ್ನೆಲ್ಲ ಹುಡುಕಿ, ಕಾರ್ಬನ್-ಕಾರ್ಬನ್, ಕಾರ್ಬನ್-ಆಕ್ಸಿಜನ್ ಹೀಗೆ ಪ್ರತಿ ಜೋಡಿಗೂ ಕನಿಷ್ಠ ದೂರ ಎಷ್ಟು ಎಂದು ಪಟ್ಟಿ ಮಾಡಿದರು. ಪ್ರೋಟೀನಿನ ಸರಪಳಿಯಲ್ಲಿ ಅಮೈನೋ ಆಮ್ಲಗಳನ್ನು ಜೋಡಿಸುವ ಪೆಪ್ಟೈಡ್ ಭಾಗ ಹಲಗೆಯಂತೆ ಚಪ್ಪಟೆ, ತಿರುಗುವುದಿಲ್ಲ. ಎರಡು ಹಲಗೆ ಸೇರುವ ಕಡೆ ಇರುವ ಕಾರ್ಬನ್‌ನಲ್ಲಿ ಮಾತ್ರ ಎರಡು ತಿರುಪು ಇದೆ. ಆ ಎರಡು ಕೋನಗಳಿಗೆ ಫೈ ಮತ್ತು ಸೈ ಅಂತ ಹೆಸರು. ಎರಡನ್ನೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಪ್ರತಿ ಹಂತದಲ್ಲೂ ಯಾವ ಪರಮಾಣು ಯಾವುದಕ್ಕೆ ಡಿಕ್ಕಿ ಹೊಡೆಯುತ್ತದೆ ಅಂತ ನೋಡಬೇಕು. ಈಗ ಪೈಥಾನ್‌ನಲ್ಲಿ ಒಂದು ಲೂಪ್ ಬರೆದರೆ ಮುಗೀತು. ಆಗ ಮೇಜಿನ ಮೇಲಿನ ಕ್ಯಾಲ್ಕುಲೇಟರ್ ಮತ್ತು ಕೈಬರಹ.

1963ರಲ್ಲಿ ಪ್ರಕಟವಾದ ಆ ನಕ್ಷೆಯೇ ರಾಮಚಂದ್ರನ್ ಪ್ಲಾಟ್. ಅಡ್ಡಕ್ಕೆ ಫೈ, ಉದ್ದಕ್ಕೆ ಸೈ. ಹೆಚ್ಚಿನ ಅಮೈನೋ ಆಮ್ಲಗಳಿಗೆ ನಕ್ಷೆಯ ಬಹುಪಾಲು ಜಾಗ ನಿಷಿದ್ಧ, ಹೋಗಲು ಬಿಡುವುದು ಕಾಲು ಭಾಗಕ್ಕಿಂತಲೂ ಕಡಿಮೆ. ಪ್ರೋಟೀನುಗಳಲ್ಲಿ ಕಾಣುವ ಸುರುಳಿಗಳು, ಹಾಳೆಗಳು ಎಲ್ಲ ಆ ಸಣ್ಣ ದ್ವೀಪಗಳ ಮೇಲೇ ಬಂದು ಕೂರುತ್ತವೆ. ಗ್ಲೈಸಿನ್‌ನ ನಕ್ಷೆ ಮಾತ್ರ ಬೇರೆ. ಡಿಕ್ಕಿ ಹೊಡೆಯಲು ಪಕ್ಕದ ಗುಂಪೇ ಇಲ್ಲದ್ದರಿಂದ ಸುಮಾರು ಅರ್ಧದಷ್ಟು ಜಾಗ ಅದಕ್ಕೆ ತೆರೆದಿದೆ. ಎಡ-ಬಲ ಭೇದ ಇಲ್ಲದ್ದರಿಂದ ಆ ನಕ್ಷೆ ಎರಡೂ ಕಡೆ ಸಮ. ಸರಪಳಿ ಎಲ್ಲಿ ಗಕ್ಕನೆ ತಿರುಗಬೇಕೋ ಅಲ್ಲಿ ಗ್ಲೈಸಿನ್ ಕಾಣಿಸಿಕೊಳ್ಳುವುದು ಇದಕ್ಕೇ. ಇದೇ ಬಳಗದ ಪ್ರೋಲಿನ್‌ನ ಪಕ್ಕದ ಗುಂಪು ಬೆನ್ನೆಲುಬಿಗೇ ಬಂದು ಉಂಗುರದಂತೆ ಸೇರಿಕೊಂಡಿರುತ್ತದೆ, ಹಾಗಾಗಿ ಅದಕ್ಕೆ ತಿರುಗಲು ಜಾಗ ಇನ್ನೂ ಕಮ್ಮಿ. ಕೊಲ್ಯಾಜೆನ್‌ನಲ್ಲಿ ಇವೆರಡೂ ಹೇರಳ. ಒಂದು ಎಳೆಯನ್ನು ಬಿಗಿಯಾಗಿ ನಿಲ್ಲಿಸುತ್ತದೆ, ಇನ್ನೊಂದು ಮೂರನ್ನೂ ಹತ್ತಿರ ಬರಲು ಬಿಡುತ್ತದೆ.

1970ರ ಹೊತ್ತಿಗೆ ಮದ್ರಾಸ್ ವಿಶ್ವವಿದ್ಯಾಲಯ ಬಿಟ್ಟ ರಾಮಚಂದ್ರನ್ ಅವರನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆಗಿನ ನಿರ್ದೇಶಕ ಸತೀಶ್ ಧವನ್ ಬೆಂಗಳೂರಿಗೆ ಕರೆಸಿಕೊಂಡರು. ಹುಡುಗನಾಗಿ ಬ್ರಾಂಚ್ ಬದಲಿಸಿದ ಕ್ಯಾಂಪಸ್ಸಿನಲ್ಲೇ 1971ರಲ್ಲಿ ಮಾಲೆಕ್ಯುಲರ್ ಬಯೋಫಿಸಿಕ್ಸ್ ಎಂಬ ಹೊಸ ಬ್ರಾಂಚನ್ನೇ ಕಟ್ಟಿದರು. ಬೆಳಗಾವಿಯಲ್ಲಿ ರಾತ್ರಿ ರೈಲು ಹತ್ತಿ, ಖಾನಾಪುರ, ಲೋಂಡಾ ದಾಟಿ ಮಲಗಿದರೆ ಬೆಳಿಗ್ಗೆ ಬೆಂಗಳೂರು. ಆ ವಿಭಾಗ ಇವತ್ತೂ ಅಲ್ಲಿ ನಡೆಯುತ್ತಿದೆ.

ಅದೇ 1971ರಲ್ಲಿ ಎ. ವಿ. ಲಕ್ಷ್ಮೀನಾರಾಯಣನ್ ಜೊತೆ ಇನ್ನೊಂದು ಪೇಪರ್ ಬರೆದರು. ಒಂದು ವಸ್ತುವಿನ ಸುತ್ತ ಬೇರೆ ಬೇರೆ ದಿಕ್ಕಿನಿಂದ ಎಕ್ಸ್-ರೇ ನೆರಳು ತೆಗೆದರೆ, ಅವುಗಳಿಂದ ಒಳಗಿನ ಚಿತ್ರವನ್ನು ಮತ್ತೆ ಕಟ್ಟುವುದು ಹೇಗೆ ಎಂಬ ಗಣಿತ ಅದು. ಫೂರಿಯರ್ ಟ್ರಾನ್ಸ್‌ಫಾರ್ಮ್ ದಾರಿಯ ಬದಲು ನೇರವಾಗಿ ಕನ್ವಲ್ಯೂಷನ್ ಬಳಸಿ ಬೇಗ ಮಾಡಬಹುದು ಎಂದು ತೋರಿಸಿದರು. ಆಸ್ಪತ್ರೆಯ ಸಿಟಿ ಸ್ಕ್ಯಾನ್ ಹಿಂದಿನ ಲೆಕ್ಕಕ್ಕೆ ಈ ದಾರಿ ಬಹಳ ಉಪಯೋಗಕ್ಕೆ ಬಂತು. ಎಂ-ತ್ರೀ ಪರೀಕ್ಷೆಗೆ ಫೂರಿಯರ್ ಉರು ಹೊಡೆಯುವ ಗೆಳೆಯರು ಇದನ್ನೊಮ್ಮೆ ನೆನೆಸಿಕೊಳ್ಳಬಹುದು.

1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಫೆಲೋ ಆದರು. ಕೊನೆಯ ಕೆಲಸದ ವರ್ಷಗಳಲ್ಲಿ ಅವರ ಗಮನ ತರ್ಕಶಾಸ್ತ್ರದ ಕಡೆ ಹೊರಳಿತು. ಜೈನರ ಸ್ಯಾದ್ವಾದದ ವಿಚಾರವನ್ನು ಬೂಲಿಯನ್ ಮ್ಯಾಟ್ರಿಕ್ಸ್‌ಗೆ ಇಳಿಸಲು ನೋಡಿದರು. ಬೆಳಗಾವಿ ಕೋಟೆಯ ಕಮಲ ಬಸದಿಗೆ ಹೋಗಿ ಬರುವ ನಮಗೆ ಸ್ಯಾದ್ವಾದ ಹೊಸ ಮಾತಲ್ಲ, ಅದನ್ನು ಮ್ಯಾಟ್ರಿಕ್ಸ್‌ನಲ್ಲಿ ಬರೆಯಬಹುದು ಅನ್ನೋದು ಮಾತ್ರ ಹೊಸದು.

ಆಮೇಲಿನ ದಿನಗಳು ಸುಲಭದವಲ್ಲ. ಪಾರ್ಕಿನ್ಸನ್ ಕಾಯಿಲೆ ಮೈಯನ್ನು ಹಿಡಿಯಿತು. 1998ರಲ್ಲಿ ಹೆಂಡತಿ ರಾಜಲಕ್ಷ್ಮಿ ತೀರಿಕೊಂಡರು. 1999ರಲ್ಲಿ ಅಂತರರಾಷ್ಟ್ರೀಯ ಹರಳುಶಾಸ್ತ್ರ ಒಕ್ಕೂಟದ ಎವಾಲ್ಡ್ ಪ್ರಶಸ್ತಿ ಬಂತು. ನೊಬೆಲ್ ಬರಲೇ ಇಲ್ಲ. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ನಿಧನರಾದರು. ಆಗ ನಮ್ಮ ಬ್ಯಾಚಿನವರು ಯಾರೂ ಹುಟ್ಟಿರಲಿಲ್ಲ.

ಕೊಲ್ಯಾಜೆನ್ ಜಗಳ ಏನಾಯಿತು? 1994ರಲ್ಲಿ ಕೊಲ್ಯಾಜೆನ್‌ನಂಥ ಒಂದು ಚಿಕ್ಕ ಪೆಪ್ಟೈಡಿನ ಹರಳು ರಚನೆ ಸ್ಪಷ್ಟವಾಗಿ ಸಿಕ್ಕಿತು. ಮೂರು ಎಳೆ ಹೌದು, ಹುರಿ ಹೌದು, ನಡುವೆ ಗ್ಲೈಸಿನ್ ಹೌದು. ಬಾಂಡ್ ಎಣಿಕೆಯಲ್ಲಿ ರಿಚ್ ಮತ್ತು ಕ್ರಿಕ್ ಸರಿ, ನೇರ ಬಾಂಡ್ ಒಂದೇ. ಆದರೆ ಸುತ್ತ ನೀರಿನ ಅಣುಗಳು ಸೇತುವೆ ಕಟ್ಟಿದ್ದವು. ನೀರಿನ ಮೂಲಕ ಬಾಂಡ್ ಇರಬಹುದು ಎಂದು ರಾಮಚಂದ್ರನ್ 1968ರಲ್ಲೇ ಸೂಚಿಸಿದ್ದರು.

ಆ ಪೆಪ್ಟೈಡಿನಲ್ಲಿ ಒಂದು ಕಡೆ ಬೇಕೆಂದೇ ಗ್ಲೈಸಿನ್ ತೆಗೆದು ಅಲನಿನ್ ಹಾಕಿದ್ದರು. ಅಲನಿನ್ ಅದಕ್ಕಿಂತ ದೊಡ್ಡದು ಬರೀ ಒಂದು ಮೀಥೈಲ್ ಗುಂಪಿನಷ್ಟು. ಅಷ್ಟಕ್ಕೇ ಆ ಜಾಗದಲ್ಲಿ ಹುರಿ ಸಡಿಲಾಗಿ, ಎಳೆಗಳ ನಡುವೆ ನೀರು ನುಗ್ಗಿತ್ತು. ಇದು ಲ್ಯಾಬಿನ ಆಟವಲ್ಲ. ನಮ್ಮ ಎಲುಬಿನ ಕೊಲ್ಯಾಜೆನ್‌ನ ಒಂದೊಂದು ಎಳೆಯಲ್ಲಿ ಸಾವಿರಕ್ಕೂ ಮೇಲೆ ಅಮೈನೋ ಆಮ್ಲಗಳಿವೆ. ಜೀನ್‌ನಲ್ಲಿ ಒಂದು ಅಕ್ಷರ ತಪ್ಪಿ ಅವುಗಳಲ್ಲಿ ಒಂದೇ ಒಂದು ಗ್ಲೈಸಿನ್ ಬದಲು ಬೇರೆ ಬಂದು ಕೂತರೂ ಮಗುವಿನ ಎಲುಬು ಸಣ್ಣ ಪೆಟ್ಟಿಗೆ ಮುರಿಯುವ ಕಾಯಿಲೆ ಬರಬಹುದು. ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಆ ಕಾಯಿಲೆಯ ಅನೇಕ ಮಕ್ಕಳಲ್ಲಿ ಆಗಿರುವುದು ಇಷ್ಟೇ, ಒಂದು ಹೈಡ್ರೋಜನ್ ಇರಬೇಕಾದ ಕಡೆ ಅದಕ್ಕಿಂತ ದೊಡ್ಡದೊಂದು ಕೂತಿದೆ. ರಾಮಚಂದ್ರನ್ ತೋರಿಸಿದ ಇಕ್ಕಟ್ಟು ಎಷ್ಟು ನಿಜ ಅನ್ನೋದು ಇಂಥ ಮನೆಯವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇವತ್ತು ಯಾರು ಯಾವ ಪ್ರೋಟೀನಿನ ರಚನೆ ಬಿಡಿಸಿದರೂ ಅದನ್ನು ಮೊದಲು ರಾಮಚಂದ್ರನ್ ಪ್ಲಾಟ್ ಮೇಲೆ ಇಟ್ಟು ಪರೀಕ್ಷಿಸುತ್ತಾರೆ. ನಿಷಿದ್ಧ ಜಾಗದಲ್ಲಿ ಚುಕ್ಕೆ ಬಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ ಅಂತಲೇ ಅನುಮಾನ. ತಮ್ಮ ಮಾದರಿಯ ಮೇಲೆ ಬಂದ ಒಂದು ಆಕ್ಷೇಪಕ್ಕೆ ಉತ್ತರ ಹುಡುಕುತ್ತಾ ಹೊರಟವರು ಎಲ್ಲರ ಮಾದರಿಗೂ ಅಳತೆಗೋಲು ಮಾಡಿಟ್ಟು ಹೋದರು.

ಬಯಾಲಜಿ ಪೇಪರ್ ಓದುವಾಗ ಬೇಸರ ಬಂದರೆ ಒಂದು ಕೆಲಸ ಮಾಡಿ. ಪ್ರೋಟೀನ್ ಡೇಟಾ ಬ್ಯಾಂಕ್ ತೆರೆದು, ಅದಕ್ಕೆ ದುಡ್ಡು ಬೇಕಾಗಿಲ್ಲ, ನಿಮಗೆ ಇಷ್ಟವಾದ ಯಾವುದಾದರೂ ಪ್ರೋಟೀನ್ ಆರಿಸಿ ಅದರ ರಾಮಚಂದ್ರನ್ ಪ್ಲಾಟ್ ನೋಡಿ. ಚುಕ್ಕೆಗಳೆಲ್ಲ ಎಡಗಡೆ ಗುಂಪುಗೂಡಿರುತ್ತವೆ. ಬಲಗಡೆಯ ಖಾಲಿ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಒಂಟಿ ಚುಕ್ಕೆ ಕಂಡರೆ ಅದರ ಹೆಸರು ನೋಡಿ. ಹೆಚ್ಚಾಗಿ ಅದು ಗ್ಲೈಸಿನ್ ಆಗಿರುತ್ತದೆ.